ಮೂಲೆಯ ಮುದುಕಿ ಬಚ್ಚಿಟ್ಟ ವಿಗ್ರಹ

ಅಕ್ಕನ ಮಗಳಿಗೆ ಮಾವನ ಆಶೀರ್ವಾದ.

ಈ ಊರಿನಲ್ಲಿ ನನ್ನನ್ನು ಕೇಳದೆ ಒಂದು ಚಿತ್ರವನ್ನೂ ಗೋಡೆಗೆ ಏರಿಸುವುದಿಲ್ಲ! ಹಳೆಯ ಬೈಬಲ್ ಚಿತ್ರದ ಮಸಿ ತೆಗೆಯುವ ಕೆಲಸ ನನ್ನದು. ಹತ್ತಿಗೆ ಎಂಜಲು ಹಚ್ಚಿ ಒರೆಸುತ್ತೇವೆ, ನಿನ್ನಾಣೆ! ಚಿತ್ರದಲ್ಲಿ ಧರ್ಮ ಸುಧಾರಿಸಲು ಹೊರಟ ರಾಜ ವಿಗ್ರಹಗಳನ್ನೆಲ್ಲ ಒಡೆಸುತ್ತಿದ್ದಾನೆ. "ರಾಜ ಒಂದನ್ನೂ ಬಿಟ್ಟಿರಲ್ಲ, ಕಟ್ಟಿ ಪಂದ್ಯ!" ಎಂದೆ ನಮ್ಮ ಕೆಲಸ ನೋಡಿಕೊಳ್ಳುವ ಮೇಸ್ತ್ರಿಯಮ್ಮನಿಗೆ. ಕಪ್ಪು ಮೂಲೆ ಒರೆಸಿದರೆ ಒಬ್ಬ ಮುದುಕಿ! ನಿನ್ನಜ್ಜಿ ನಶ್ಯದ ಡಬ್ಬಿ ಅಡಗಿಸುವಂತೆ, ಶಾಲಿನಡಿ ಪುಟ್ಟ ವಿಗ್ರಹ ಬಚ್ಚಿಟ್ಟಿದ್ದಾಳೆ. ನೂರಾರು ವರ್ಷ ಯಾರಿಗೂ ಕಾಣದವಳು ನನ್ನ ಎಂಜಲಿಗೆ ಸಿಕ್ಕಳು!

"ನಿಮ್ ಬಾಯಿ ಕೊನೆಗೂ ಉಪಯೋಗಕ್ಕೆ ಬಂತಲ್ರೀ" ಎಂದು ಮೇಸ್ತ್ರಿಯಮ್ಮ ಚಪ್ಪಾಳೆ ತಟ್ಟಿದರು.

ಗಂಟಲು ಒಣಗಿದೆ, ಉಳಿದಂತೆ ಕ್ಷೇಮ. ಪಂದ್ಯದಲ್ಲಿ ಬರೀ ಇಪ್ಪತ್ತು ರೂಪಾಯಿ ಹೋಯಿತೆಂದು ನಿನ್ನಮ್ಮನಿಗೆ ಹೇಳು. ಅಯ್ಯೋ, ಕಾರ್ಡು ಮೊದಲು ಓದುವವಳು ಅವಳೇ ಅಲ್ಲವೇ!

ಹೋದದ್ದು ಇನ್ನೂರೈವತ್ತು, ಅಕ್ಕಾ.