ಕೈ ನಡುಗಿದರೆ ಅಂಕಿ ಬರೋದಿಲ್ಲ

ಭಾನುವಾರ, ಮಧ್ಯಾಹ್ನ

ನನ್ನ ಬಂಗಾರಿ ಮಗಳಿಗೆ ಅಮ್ಮನ ನೂರು ಮುತ್ತು.

ನೀನು ಮರೆತು ಹೋದ ಸ್ವೆಟರಿನ ಮಡಿಕೆಯಲ್ಲಿ ಈ ಕಾಗದ ಇಟ್ಟು ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನಕ್ಕು ಮಾತು ತಿರುಗಿಸುತ್ತೀಯ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಬೈಕೊಂಡಾದರೂ ಪೂರ್ತಿ ಓದು.

ನೀನು ಹೋದಾಗಿನಿಂದ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ ಆಗುತ್ತಿದೆ. ನಿಮ್ಮಪ್ಪ, "ಇವಳಿಗೆ ಚಿಂತೆ ಇಲ್ದಿದ್ರೆ ಅದೇ ಒಂದು ಚಿಂತೆ" ಅನ್ನುತ್ತಾರೆ. ಅನ್ನಲಿ. ಇದು ಬೇರೆ.

ನಿಮ್ಮ ಆಸ್ಪತ್ರೆಯವರು ಕೊಟ್ಟ ಆ ಕಣ್ಣಿನ ಯಂತ್ರವನ್ನು ಊಟದ ಮೇಜಿನ ಮೇಲೆ ಇಟ್ಟೆಯಲ್ಲ, ಆಗಲೇ ನಾನು ಕುರ್ಚಿ ಹಿಂದಕ್ಕೆ ಸರಿಸಿದ್ದೆ. ನೋಡಿದರೆ ಟಾರ್ಚಿನಷ್ಟೂ ಇಲ್ಲ. ಅದನ್ನು ಮನೆಮನೆಗೆ ಹೊತ್ತು ಜನರ ಕಣ್ಣಿನ ಒತ್ತಡ ಅಳೆಯುತ್ತೀಯ ಅಂತ ಗೊತ್ತಿತ್ತು, ನಮ್ಮ ಕಣ್ಣಿಗೇ ಹಿಡಿಯುತ್ತೀಯ ಅಂತ ಗೊತ್ತಿರಲಿಲ್ಲ. ನಿಮ್ಮಪ್ಪ, "ನನಗೆ ಕಣ್ಣಲ್ಲಿ ಒತ್ತಡ ಇಲ್ಲಮ್ಮ, ಇರೋದೆಲ್ಲ ನಿಮ್ಮಮ್ಮನ ಕಡೆಯಿಂದ" ಅಂದರು. ನನ್ನದು ಹದಿನಾರು ಬಂತು. ಇಪ್ಪತ್ತೊಂದರ ಒಳಗಿದ್ದರೆ ಭಯವಿಲ್ಲ ಅಂತ ನೀನಂದೆ. "ಅಜ್ಜಿ ಕಣ್ಣಿನ ಕಾಯಿಲೆ ನಿನಗೇ ಬಂದಿಲ್ಲ, ಇನ್ನು ನನಗೆಲ್ಲಿ ಬರುತ್ತೆ" ಅಂತ ಕೆನ್ನೆ ಹಿಂಡಿದೆ. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ.

ನಾನು ಬಂದ ಮೇಲೆ ನೀನು ಯಂತ್ರ ನನ್ನ ಕೈಗೆ ಕೊಟ್ಟು, ನಿನ್ನ ಕಣ್ಣಿಗೆ ಹಿಡಿಯಲು ಹೇಳಿದೆ. ನನ್ನ ಕೈ ಗೊತ್ತಲ್ಲ, ಸೂಜಿಗೆ ದಾರ ಪೋಣಿಸುವಾಗ ಬಿಟ್ಟರೆ ಯಾವಾಗಲೂ ನಡುಗುತ್ತೆ. ಎರಡು ಸಲ ಅದು ಕುಂಯ್ ಅಂತು, ಅಂಕಿ ಬರಲಿಲ್ಲ. "ಕೈ ನಡುಗಿದ್ರೆ ಅಂಕಿ ಕೊಡಲ್ಲಮ್ಮ ಅದು, ಮುನಿಸ್ಕೊಳ್ಳುತ್ತೆ. ದಾರ ಪೋಣಿಸ್ತಿದ್ದೀನಿ ಅಂದ್ಕೊಂಡು ಹಿಡಿ" ಅಂದೆ. ನಾನು ಹಾಗೇ ಹಿಡಿದೆ. ಮೂವತ್ತೆರಡು ಬಂತು. ನೀನು ಕಿತ್ತುಕೊಂಡು ನೋಡಿದೆ. ಆಮೇಲೆ ನಕ್ಕು, "ನಿನ್ನ ಕೈ ನಡುಕಕ್ಕೆ ತಪ್ಪು ಅಂಕಿ ಬಂದಿದೆ" ಅಂತ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟೆ.

ಕಂದಾ, ಕೈ ನಡುಗಿದರೆ ಅದು ಅಂಕಿಯನ್ನೇ ಕೊಡುವುದಿಲ್ಲ ಅಂತ ಆಗಷ್ಟೇ ನೀನೇ ಹೇಳಿದ್ದೆ.

ಇನ್ನೂ ಒಂದಿದೆ. ನೀನು ಅಡುಗೆಮನೆ ಬಾಗಿಲಿಗೆ ಭುಜ ಬಡಿಸಿಕೊಂಡೆ. "ಈ ಮನೆ ಚಿಕ್ಕದಾಗ್ತಾ ಬಂತು" ಅಂದೆ. ನಿಮ್ಮಜ್ಜಿಗೂ ಮೊದಲು ಬಾಗಿಲೇ ಬಡಿದದ್ದು. ಅವಳ ಅವಸರಕ್ಕೆ ನಾವೆಲ್ಲ ನಗುತ್ತಿದ್ದೆವು. ಎದುರಿಗಿದ್ದವರ ಮುಖ ಅವಳಿಗೆ ಚೆನ್ನಾಗೇ ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ಪಕ್ಕದಿಂದ ಬಂದ ಕತ್ತಲೆ ಕೊನೆಗೆ ಮುಖಗಳನ್ನೂ ನುಂಗಿತು. ಅದನ್ನು ನೆನೆದರೆ ಕೈಲಿದ್ದ ಕತ್ತರಿ ಕೆಳಗಿಡಬೇಕಾಗುತ್ತೆ.

ತಡ ಮಾಡಬೇಡಿ ಅಂತ ಕಂಡವರಿಗೆಲ್ಲ ಹೇಳಿಕೊಂಡು ತಿರುಗುವವಳು ನೀನು. ನಾಳೆಯೇ ನಿಮ್ಮ ದೊಡ್ಡ ಡಾಕ್ಟರ ಮುಂದೆ ಕೂತುಕೋ. ಕೆಲಸ ಹೋದೀತು ಅಂತ ಹೆದರಬೇಡ. ಹೆದರುವ ಕೆಲಸ ನನಗೆ ಬಿಡು, ಅದರಲ್ಲಿ ನನ್ನ ಕೈ ಪಳಗಿದೆ.

ನೀನು ಕರೆಯುವ ಹಾಗೆ,
ನಿನ್ನ ಪುಕ್ಕಲಮ್ಮ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಹದಿನಾರು ನನ್ನದಲ್ಲ, ಔಷಧಿಯದು. ಕನ್ನಡಕ ಬದಲಿಸಲು ಹೋದಾಗ ಕಾಯಿಲೆ ಗೊತ್ತಾಯಿತು. ಹೇಳಿದರೆ ನೀನು ಹೆದರುತ್ತೀಯ ಅಂತ ಸುಮ್ಮನಿದ್ದೆ. ಹೊಲಿಗೆ ಮಷೀನಿನ ಡ್ರಾಯರಿನಲ್ಲಿ, ಬಾಬಿನ್ನುಗಳ ಹಿಂದೆ ಸೀಸೆ ಇದೆ, ನಿಮ್ಮಪ್ಪನಿಗೂ ಗೊತ್ತಿಲ್ಲ. ಅಜ್ಜಿಯದು ನನಗೆ ಬಂದಿದೆ ಕಂದಾ, ನನ್ನ ಅಂಕಿ ನಂಬಿ ನೀನು ಕೂರಬೇಡ. ಹನಿ ಹಾಕಿಕೊಂಡರೆ ಅಂಕಿ ಇಳಿಯುತ್ತೆ. ಕಣ್ಣಿನಲ್ಲಿ ಹೋದದ್ದು ಮಾತ್ರ ತಿರುಗಿ ಬರುವುದಿಲ್ಲವಂತೆ. ಬಸ್ಸು ಹೊರಟಾಗ ನೀನು ಕಿಟಕಿಯಿಂದ, ನನ್ನ ಎಡಗಡೆಯಿಂದ, ಕೈ ಬೀಸಿದೆಯಂತೆ. ನಿಮ್ಮಪ್ಪ ಆಮೇಲೆ ಹೇಳಿದರು. ಅಮ್ಮ ಮುನಿಸಿಕೊಂಡು ತಿರುಗಲಿಲ್ಲ ಅಂದುಕೊಂಡೆಯೇನೋ. ಮುನಿಸಲ್ಲ. ಕಾಣಲಿಲ್ಲ.