ಹಲಗೆ ಹೊದ್ದ ಮನೆ

ವಿಸ್ಕಾನ್ಸಿನ್, ಅಕ್ಟೋಬರ್ ೧೮೮೪

ಪ್ರೀತಿಯ ಅಪ್ಪನಿಗೆ,

ಅಣ್ಣನ ಮನೆಯಲ್ಲಿ ಆರಾಮವಾಗಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿಗೆ ಬರುವಾಗ ನಾರ್ವೆಯಿಂದ ತಂದ ನಿಮ್ಮ ಅಗಲ ಬಾಯಿಯ ಕೊಡಲಿ ಮರೆಯಬೇಡಿ. ಗೋಡೆಯ ದಿಮ್ಮಿಗಳ ಸಂದಿಗೆ ತುಂಬಲು ಪಾಚಿ ಒಣಗಿಸಿಟ್ಟಿದ್ದೇನೆ.

ಯಾರ ಮನೆಗೆ ಹೋದರೂ ಮೊದಲು ಮೂಲೆಯ ಮರದ ಮೇಲೆ ಕೈಯಾಡಿಸಿ ನೋಡುವುದು ನಿಮ್ಮ ರೂಢಿ. ಈ ಸಲ ಬೇಡ, ನೇರ ಒಳಗೆ ಬನ್ನಿ. ನೀವು ಕಟ್ಟಿಕೊಟ್ಟ ಈ ಮನೆಯ ಮೂಲೆಯಲ್ಲಿ ಹೊರಚಾಚಿದ್ದ ದಿಮ್ಮಿಗಳ ತಲೆ ಈಗ ಇಲ್ಲ. ಎದುರು ಮನೆಯ ಮಿಸೆಸ್ ವಿಟ್‌ಕಂಬ್, "ಇದೇನ್ರೀ, ದನದ ಕೊಟ್ಟಿಗೇಲಿ ಸಂಸಾರ ಮಾಡ್ತೀರಲ್ಲ!" ಎಂದು ನಕ್ಕಿದ್ದರು. ಅವರ ಮನೆಯಂತೆ ನಾನೂ ಗೋಡೆಗೆ ಬಿಳಿ ಹಲಗೆ ಹೊಡೆಸಿದೆ. ಹಲಗೆಗೆ ಆ ತಲೆಗಳು ಅಡ್ಡ ಬಂದವು, ಗರಗಸ ಹಾಕಿಸಿದೆ. "ಬೇಡ ಕಣೇ, ಮಾವ ಒಂದು ಮೊಳೇನೂ ಇಲ್ದೆ ಕಟ್ಟಿದ್ದು" ಎಂದು ಇವರು ಬಡಕೊಂಡರು. ನಾನು ಕೇಳಲಿಲ್ಲ.

ದಿಮ್ಮಿಗಳನ್ನು ಒಂದಕ್ಕೊಂದು ಕಚ್ಚಿ ಹಿಡಿದಿದ್ದದ್ದೇ ಆ ತಲೆಗಳು; ಈಗ ಆ ಮೂಲೆ ಬಾಯಿ ಬಿಟ್ಟಿದೆ. ಗಾಳಿ ಸೀದಾ ತೊಟ್ಟಿಲಿಗೆ ಬಡಿಯುತ್ತದೆ. ಇಲ್ಲಿನ ಬಡಗಿಗಳಿಗೆ ಮೊಳೆ ಹೊಡೆಯುವುದೊಂದು ಬಿಟ್ಟರೆ ಬೇರೆ ದಾರಿ ಗೊತ್ತಿಲ್ಲ.

ಇನ್ನೊಂದು ಮಾತು. "ಇದನ್ನ ಯಾರು ಸರಿಮಾಡ್ತಾರೆ?" ಎಂದು ಮಿಸೆಸ್ ವಿಟ್‌ಕಂಬ್ ನಿನ್ನೆ ಬೇಲಿಯಾಚೆಯಿಂದ ಕೇಳಿದರು. "ಯಾರೋ ಮುದಿ ಬಡಗಿ ಬರ್ತಾನೆ" ಅಂದುಬಿಟ್ಟೆ.

ಅಪ್ಪ, ನೀವು ಗಾಡಿಯಿಂದ ಇಳಿಯುವಾಗ ಆಕೆ ಬೇಲಿಯ ಹತ್ತಿರ ನಿಂತೇ ಇರುತ್ತಾರೆ. ನಿಮಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲೇ ನನ್ನನ್ನು "ಮಗಳೇ" ಎಂದು ಗಟ್ಟಿಯಾಗಿ ಕೂಗಿ. ನಾನಾಗಿ ಹೇಳೋಣವೆಂದರೆ ಬಾಯಿ ಬರುತ್ತಿಲ್ಲ.

ನಿಮ್ಮ ದಾರಿ ಕಾಯುತ್ತಿರುವ,
ಗುನ್‌ಹಿಲ್ಡ್