ಬಾನೆಟ್ ಮೇಲೆ ಕೂತು ಬಂದ ಪೋಲಿಯೊ ಹನಿ

ಪೋಲಿಯೊ ಔಷಧಿಯ ಉಸ್ತುವಾರಿ ಹೊತ್ತ ಆರೋಗ್ಯಾಧಿಕಾರಿಗಳೇ,

ನೀವು ನನ್ನ ಮಗಳಿಗೆ ಸುಳ್ಳು ಹೇಳಿದಿರಿ. ನನಗೆ ನಿಜ ಹೇಳಲಿಲ್ಲ. ಎರಡರಲ್ಲಿ ಯಾವುದು ದೊಡ್ಡ ದ್ರೋಹವೆಂದು ನನಗಿನ್ನೂ ತೀರ್ಮಾನಿಸಲಾಗಿಲ್ಲ.

ನಾನು ಕಲ್ಯಾಣದುರ್ಗ–ಕಂಬದೂರು ಖಾಸಗಿ ಬಸ್ಸಿನ ಕಂಡಕ್ಟರು. ಆರು ವರ್ಷದಿಂದ ನಿಮ್ಮ ಔಷಧಿ ಪೆಟ್ಟಿಗೆ ನನ್ನ ಬಸ್ಸಿನಲ್ಲೇ ಹೋಗುತ್ತಿದೆ. ಮಕ್ಕಳ ಬಾಯಿಗೆ ಬೀಳುವ ಔಷಧಿಗೆ ಯಾರ ಕಾಲೂ ತಾಕಬಾರದೆಂದು ಡ್ರೈವರ್ ಪಕ್ಕ, ದೇವರ ಪಟದ ಕೆಳಗೆ, ಎಂಜಿನ್ ಬಾನೆಟ್ ಮೇಲೆ ಇಡುತ್ತಿದ್ದೆ. ಕಂಬದೂರು ಮುಟ್ಟುವ ಹೊತ್ತಿಗೆ ಐಸು ಕರಗಿ ನೀರು ಸೋರುತ್ತಿತ್ತು. ನನ್ನ ಟವೆಲಿನಲ್ಲೇ ಒರೆಸಿ ಕೊಡುತ್ತಿದ್ದೆ. ಎಂಥ ಭಕ್ತಿ ನೋಡಿ! ಪೆಟ್ಟಿಗೆಯ ಮೇಲೆ ಏನೋ ಬರೆದಿತ್ತು, ಇಂಗ್ಲಿಷಿನಲ್ಲಿ. ನಿಮ್ಮ ಆಫೀಸಿನ ಒಬ್ಬರಾದರೂ ಬಾಯಿಬಿಟ್ಟು ಹೇಳಿದರೇ?

ಹೋದ ತಿಂಗಳು ಹೊಸದಾಗಿ ಬಂದ ನರ್ಸಮ್ಮ ಬಸ್ಸು ಹತ್ತಿದವರೇ ಕೂಗಿಕೊಂಡರು: "ಅಯ್ಯೋ, ಯಾರಪ್ಪಾ ಇದನ್ನ ಇಲ್ಲಿಟ್ಟಿದ್ದು? ಕಾವು ತಗುಲಿದ್ರೆ ಔಷಧಿ ಸತ್ತೋಯ್ತದೆ ಕಣಣ್ಣ!" ಮೊಮ್ಮಗಳು ಆದಿಲಕ್ಷ್ಮಿಗೆ ಮೂರು ಸಲ ಹನಿ ಹಾಕಿಸಿದ್ದು ಅದೇ ಪೆಟ್ಟಿಗೆಯಿಂದ. ಅವಳಿಗೆ ವರ್ಷ ತುಂಬುವ ಮುಂಚೆಯೇ ಜ್ವರ ಬಂದು ಬಲಗಾಲು ಬಿದ್ದುಹೋಗಿತ್ತು.

ಆಗ ಅವಳ ತಾಯಿ, ಕಂಬದೂರಿಗೆ ಕೊಟ್ಟ ನನ್ನ ಮಗಳು ನರಸಕ್ಕ, ಹನಿ ಹಾಕಿಸಿದ ಕಾರ್ಡು ಹಿಡಿದು ನಿಮ್ಮ ಮುಂದೆ ನಿಂತಾಗ ಏನೆಂದಿರಿ? "ಹನಿ ಹಾಕಿಸಿದ ಕೂಡ್ಲೇ ಎದೆಹಾಲು ಕೊಟ್ಟಿರ್ತೀಯ. ತಲ್ಲಿದೇ ತಪ್ಪು." ತಪ್ಪೆಲ್ಲ ತಾಯಿಯದೇ! ನಾಲ್ಕು ವರ್ಷದಿಂದ ಅವಳು "ನನ್ನ ಹಾಲೇ ಮಗೀನ ಕಾಲು ತಿಂದ್ಬುಡ್ತು ಅಪ್ಪಯ್ಯ" ಎಂದು ಅಳುತ್ತಿದ್ದಾಳೆ. ಎರಡನೆಯ ಮಗುವಿಗೆ ಹನಿ ಹಾಕಿಸಿದ ದಿನದಿಂದ ಎದೆ ಕೊಟ್ಟೇ ಇಲ್ಲ. ಬಾನೆಟ್ಟಿನ ವಿಷಯ ಅವಳ ಕೈಹಿಡಿದು ಹೇಳಿದೆ. "ನನ್ ಸಮಾಧಾನಕ್ಕೆ ಕತೆ ಕಟ್ಬೇಡ ಸುಮ್ಕಿರು" ಅಂದುಬಿಟ್ಟಳು.

ಮುಂದಿನ ತಿಂಗಳು ದೇಶಕ್ಕೆಲ್ಲ ಒಂದೇ ದಿನ ಹನಿಯಂತೆ, ಲೋಕದಿಂದಲೇ ಪೋಲಿಯೊ ಓಡಿಸುತ್ತೀರಂತೆ. ಓಡಿಸಿ, ಬಹಳ ಸಂತೋಷ. ಮೊದಲು ಪೆಟ್ಟಿಗೆಯ ಮೇಲೆ, ನಮ್ಮ ಆಂಧ್ರ ಗಡಿಯ ಜನಕ್ಕೆ ತಿಳಿಯುವಂತೆ, ತೆಲುಗಿನಲ್ಲೂ ಕನ್ನಡದಲ್ಲೂ 'ಬಿಸಿ ತಾಕಿಸಬೇಡಿ' ಎಂದು ಬರೆಸಿ. ನಮ್ಮ ದಾರಿಯ ಮಕ್ಕಳಿಗೆಲ್ಲ ಮತ್ತೆ ಹನಿ ಹಾಕಿಸಿ. ಆಮೇಲೆ ನನ್ನ ಬಸ್ಸಿಗೆ ಬನ್ನಿ. ಬಾನೆಟ್ ಮೇಲೆಯೇ ಕೂರಿಸುತ್ತೇನೆ, ಕಾವೆಷ್ಟೆಂದು ನಿಮಗೂ ತಿಳಿಯಲಿ. ಕಂಬದೂರಿನಲ್ಲಿ ಇಳಿದು, ಅಂದು ಬೈದ ಅದೇ ಬಾಯಲ್ಲಿ, "ನಿನ್ನ ಹಾಲಿನದು ತಪ್ಪಿಲ್ಲಮ್ಮ" ಎಂದು ನರಸಕ್ಕನಿಗೆ ಹೇಳಿ. ಅಪ್ಪನ ಮಾತು ನಂಬದವಳು ಸರ್ಕಾರದ ಮಾತು ಇನ್ನೂ ನಂಬುತ್ತಾಳೆ.

ಇಂತಿ,
ನಿಮ್ಮ ಔಷಧಿಯನ್ನು ಮರ್ಯಾದೆ ಕೊಟ್ಟು ಕೊಂದ
ಕಂಡಕ್ಟರ್ ಚೌಡಣ್ಣ
ಕಲ್ಯಾಣದುರ್ಗ, ನವೆಂಬರ್ 1995